ಚಿಟ್ಟಕ್ಕನ ಸ್ವಾರ್ಥ

ಒಂದು ಆಲೆಮನೆಯಲ್ಲಿ ಇಲಿಗಳ ದೊಡ್ಡ ಬಳಗವೊಂದು ಬೆಲ್ಲ ತಿಂದುಕೊಂಡು ಸುಖವಾಗಿತ್ತು. ಒಂದು ಮಧ್ಯಾಹ್ನ ಒಣಗಿದ ಕಬ್ಬಿನ ಸಿಪ್ಪೆಗೆ ಬೆಂಕಿ ಹೊತ್ತಿಕೊಂಡಿತು. ಇಲಿಗಳೆಲ್ಲ ದಿನವೂ ಓಡಾಡುವ ಬಾಗಿಲಡಿಯ ಬಿಲಕ್ಕೇ ಮುಗಿಬಿದ್ದವು. ಒಂದರ ಬಾಲ ಇನ್ನೊಂದರ ಕಾಲಿಗೆ ಸಿಕ್ಕಿ, ಮುಂದೆ ಹೋದವರೂ ಇಲ್ಲ, ಹಿಂದೆ ಸರಿದವರೂ ಇಲ್ಲ.

ಚಿಟ್ಟಕ್ಕನೆಂಬ ಹೆಣ್ಣಿಲಿಗೆ ಹಿಂದಿನ ಗೋಡೆಯಲ್ಲಿ ನೀರು ಹೋಗುವ ತೂಬು ಕಂಡಿತು. ತಲೆ ಹಾಕಿ ನೋಡಿದಳು. ಆಚೆ ಬಯಲು, ತಂಪು ಗಾಳಿ.

"ಬನ್ನಿ, ಇಲ್ಲಿ ದಾರಿ ಧಾರಾಳವಾಗಿದೆ!" ಎಂದು ಕೂಗಿದಳು.

"ಅಷ್ಟು ಒಳ್ಳೆಯ ದಾರಿಯಾಗಿದ್ದರೆ ಅಲ್ಲಿ ಒಬ್ಬರೂ ಯಾಕಿಲ್ಲ?" ಎಂದಳು ಬಳಗದ ಹಿರಿಯಳಾದ ದೊಡ್ಡಮ್ಮ, ಮುಂದಿನವರನ್ನು ನೂಕುತ್ತಲೇ.

ಹೊಗೆ ದಟ್ಟವಾಯಿತು. ಒಬ್ಬಳೇ ಹೋಗಿಬಿಡಲು ಚಿಟ್ಟಕ್ಕನಿಗೆ ಮನಸ್ಸು ಬರಲಿಲ್ಲ. ತೂಬಿನ ಬಾಯಿಗೆ ಅಡ್ಡ ನಿಂತು ಕಿರುಚಿದಳು: "ಈ ಕಡೆ ಯಾರೂ ಬರಕೂಡದು! ಈ ದಾರಿ ನನ್ನೊಬ್ಬಳದು!"

ಇಡೀ ಬಳಗ ಗಿರಕ್ಕನೆ ತಿರುಗಿತು. ಅವಳನ್ನು ತುಳಿದುಕೊಂಡೇ ಎಲ್ಲರೂ ಹೊರಬಿದ್ದರು. ಕಟ್ಟಕಡೆಗೆ ಚಿಟ್ಟಕ್ಕ ಮೀಸೆ ಸುಟ್ಟುಕೊಂಡು ಈಚೆ ಬಂದಳು.

"ನಾಚಿಕೆಯಾಗಬೇಕು ನಿನಗೆ! ನಾವು ಬಿಟ್ಟಿದ್ದರೆ ನೀನೊಬ್ಬಳೇ ಬದುಕಿಕೊಳ್ಳುತ್ತಿದ್ದೆ," ಎಂದು ದೊಡ್ಡಮ್ಮ ಉಗಿದಳು.

"ತಪ್ಪಾಯಿತು ದೊಡ್ಡಮ್ಮ," ಎನ್ನುತ್ತ ಚಿಟ್ಟಕ್ಕ ತಲೆಗಳನ್ನು ಎಣಿಸಿ ಮುಗಿಸಿದಳು. ಒಬ್ಬರೂ ಕಡಿಮೆಯಿರಲಿಲ್ಲ.