ಗರಡಿ ಮಣ್ಣಿನ ನಾಳೆಯ ಹೆಜ್ಜೆ

ನಮ್ಮೂರ ಗರಡಿಯ ಹುಂಜ ಕೂಗಿದರೆ ಹತ್ತೂರ ಹುಂಜಗಳು ಬಾಯಿ ಮುಚ್ಚುತ್ತಿದ್ದವು; ಇದು ಬಡಾಯಿಯಲ್ಲ. ಆ ಗರಡಿಯ ಪೈಲ್ವಾನ್ ಕೆಂಚಪ್ಪನಿಗೆ ಕಿಡ್ನಿ ಸೋತು ಕಾಲು ಬಾತಿತ್ತು. "ಪ್ರೋಟೀನು ಅಳೆದು ತಿನ್ನು. ನಿನಗೆ ದಿನಕ್ಕೆ ಒಂದೇ ಮೊಟ್ಟೆ," ಎಂದಿದ್ದರು ಡಾಕ್ಟರು.

ಹುಂಜ ರೆಕ್ಕೆ ಬಡಿದು ನಕ್ಕಿತು. "ಒಂದು ಮೊಟ್ಟೆ ತಿನ್ನೋನು ಪೈಲ್ವಾನನೇನಯ್ಯಾ? ನನ್ನ ಹೇಂಟೆಗಳ ಹತ್ತು ಮೊಟ್ಟೆ ತಿನ್ನು, ಕಾಲು ಕಂಬವಾಗುತ್ತದೆ!"

ಕೆಂಚಪ್ಪ ಮೂರು ದಿನ ಹತ್ತು ಹತ್ತು ತಿಂದ.

ನಾಲ್ಕನೆಯ ಬೆಳಗ್ಗೆ ಹುಂಜ ಬೀಗ ಹಾಕಿದ ಗರಡಿಯೊಳಗೆ ಕಿಟಕಿಯಿಂದ ಇಣುಕಿತು. ಕೆಮ್ಮಣ್ಣಿನ ಮೇಲೆ ಹಸಿ ಹೆಜ್ಜೆಗಳು ಒಳಗೆ ಹೋಗಿದ್ದವು, ಹೊರಗೆ ಬಂದಿರಲಿಲ್ಲ. ಒಂದೊಂದರಲ್ಲೂ ನೀರು ನಿಂತಿತ್ತು.

"ಯಾರದಿದು?" ಎಂದಿತು ಹುಂಜ.

"ಕೆಂಚಪ್ಪನದು. ನಾಳೆಯ ಹೆಜ್ಜೆ," ಎಂದಿತು ಮಣ್ಣು. "ನಿನ್ನಜ್ಜನ ಮಾತು ಕೇಳಿದ ಅವನಪ್ಪನದೂ ಹೀಗೇ ಮೂಡಿತ್ತು; ಮರುದಿನ ಅವನು ಸತ್ತ."

ಅಷ್ಟರಲ್ಲಿ ಬಾಗಿಲಾಚೆ ಈ ಮಾತು ಕೇಳಿಸಿಕೊಂಡ ಕೆಂಚಪ್ಪ ಬೀಗ ತೆಗೆದು ಬಂದ. ಬಾತ ಪಾದವನ್ನು ಮೊದಲ ಹೆಜ್ಜೆಯ ಮೇಲೆ ಹಿಡಿದ. ಅಳತೆ ಸರಿಯಾಗಿತ್ತು. ಕಾಲೂರದೆ ಹಿಂದೆ ಸರಿದು, "ಇನ್ನು ಮೊಟ್ಟೆಯನ್ನೇ ಮುಟ್ಟುವುದಿಲ್ಲ!" ಎಂದ.

"ಏನೂ ತಿನ್ನದಿದ್ದರೂ ಇದೇ ಹೆಜ್ಜೆ," ಎಂದಿತು ಮಣ್ಣು. "ಒಂದು ಎಂದರೆ ಒಂದು."

ಅದಕ್ಕೆ ಉತ್ತರ ಕೊಡಲು ಹುಂಜ ಕೊಕ್ಕು ತೆರೆಯಿತು. ಆಗ ಮಣ್ಣಿನ ಮೇಲೆ ಹುಂಜದ್ದೇ ಪುಟ್ಟ ಹೆಜ್ಜೆಗಳು ಒಂದೊಂದಾಗಿ ಮೂಡುತ್ತ ಒಳಗೆ ನಡೆದವು.

ಈಗ ಹತ್ತೂರ ಹುಂಜಗಳು ಕೂಗುತ್ತವೆ. ನಮ್ಮದು ಕೇಳಿಸಿಕೊಳ್ಳುತ್ತದೆ.