ನರಿ ಊದಿದ ಕಡೆಯ ತುತ್ತೂರಿ

ಒಂದು ಕಾಡಿನಲ್ಲಿ ಪುಟ್ಟ ಚರ್ಚೊಂದಿತ್ತು. ಭಾನುವಾರ ಪಾದ್ರಿಗಳು ಪ್ರಸಂಗ ಮಾಡುವಾಗ ಪ್ರಾಣಿಗಳೆಲ್ಲ ಕಿಟಕಿಯ ಕೆಳಗೆ ಕೂತು ಕೇಳುತ್ತಿದ್ದವು. ಅರ್ಧ ಅರ್ಥವಾಗುತ್ತಿತ್ತು. ಉಳಿದರ್ಧಕ್ಕೆ ತಾವೇ ಉಪ್ಪುಖಾರ ಹಚ್ಚಿಕೊಳ್ಳುತ್ತಿದ್ದವು.

ಯೇಸುಸ್ವಾಮಿ ಮತ್ತೆ ಬರುವ ದಿನ ತುತ್ತೂರಿ ಮೊಳಗುತ್ತದೆ ಎಂದು ಪಾದ್ರಿಗಳು ಒಮ್ಮೆ ಹೇಳಿದರು. ಆ ಕಾಡಿನಲ್ಲಿ ತುತ್ತೂರಿ ಕಂಡವರೇ ಇರಲಿಲ್ಲ.

"ಅದು ಹೇಗಿರುತ್ತೆ? ತಿನ್ನೋದಾ?" ಎಂದು ಕೇಳಿತು ಮೊಲ.

"ಕೊಂಬಿನ ಹಾಗಿರುತ್ತೆ. ನನಗೆಲ್ಲಾ ಗೊತ್ತು," ಎಂದಿತು ನರಿ. "ನಾಳೆಯೇ ಮೊಳಗುತ್ತೆ. ಲೋಕ ಮುಗೀತು! ಸದ್ದು ಕೇಳಿದ ಕೂಡಲೇ ಎಲ್ಲಾ ಬಿಟ್ಟು ಗುಡ್ಡಕ್ಕೆ ಓಡಿ."

ನರಿಯ ಕಣ್ಣಿದ್ದದ್ದು ಕಾಡುಕೋಳಿ ಮಾರ್ತಮ್ಮನ ಮೊಟ್ಟೆಗಳ ಮೇಲೆ. ಅವಳೂ ಮರದ ಮೇಲೆ ಕಾವಲಿದ್ದ ಮುಸುವ ಕೋತಿಯೂ ಓಡಿಹೋದರೆ ಸಾಕಿತ್ತು.

ಮಾರ್ತಮ್ಮ ಕತ್ತು ಓರೆ ಮಾಡಿದಳು. "ನರಿಯಣ್ಣ, ಆ ದಿನ ದೇವರೊಬ್ಬರಿಗೇ ಗೊತ್ತು ಅಂತಲೂ ಪಾದ್ರಿಗಳು ಹೇಳಿದ್ರಲ್ಲ. ನಿನಗ್ಯಾರು ಹೇಳಿದ್ರು?"

ನರಿ ಕೆಮ್ಮುತ್ತ ಪೊದೆಯತ್ತ ಜಾರಿಕೊಂಡಿತು.

ಮರುದಿನ ಅದು ಸತ್ತ ಕಾಡುಕೋಣದ ಟೊಳ್ಳು ಕೊಂಬಿಗೆ ಮೂತಿಯಿಟ್ಟು, ಪೊದೆಯ ಹಿಂದೆ ನಿಂತು ಊಳಿಟ್ಟಿತು. ಭೋಂ! ಮೊಲ ಓಡಿತು. ಮುಸುವ ಬಾಲ ಎತ್ತಿಕೊಂಡು ಓಡಿತು. ಮಾರ್ತಮ್ಮನಿಗೂ ಓಡಿಬಿಡೋಣ ಅನ್ನಿಸಿತು. ಆದರೆ ತಾನೆದ್ದರೆ ಮೊಟ್ಟೆಗಳು ತಣ್ಣಗಾಗುತ್ತವಲ್ಲ!

"ಸ್ವಾಮಿ, ನೀವೇ ಆಗಿದ್ರೆ ಬನ್ನಿ. ನಾನು ಇಲ್ಲೇ ಇರ್ತೀನಿ," ಎಂದು ರೆಕ್ಕೆ ಹರಡಿ ಕೂತಳು.

ಕೋಳಿ ಕದಲದ್ದು ಕಂಡು ನರಿಗೆ ಸಿಟ್ಟು ನೆತ್ತಿಗೇರಿತು. ಇನ್ನೂ ಜೋರಾಗಿ ಊಳಿಡಲು ಮೂತಿಯನ್ನು ಕೊಂಬಿನ ಆಳಕ್ಕೆ ತುರುಕಿತು. ಮೂತಿ ಸಿಕ್ಕಿಕೊಂಡಿತು. ಕಣ್ಣು ಕಾಣದು, ಉಸಿರಾಡುವುದೂ ಕಷ್ಟ. ಹೊರಳಾಡುತ್ತ ಬಂದು ಗೂಡಿನ ಮುಂದೆಯೇ ಬಿತ್ತು.

"ಅಯ್ಯೋ, ಲೋಕ ಮುಗೀತು!" ಎಂದು ಕೊಂಬಿನೊಳಗಿಂದ ಅತ್ತಿತು.

"ಲೋಕ ಇದ್ದಲ್ಲೇ ಇದೆ ನರಿಯಣ್ಣ. ನಿನ್ನ ಮೂತಿ ಸಿಕ್ಕಿದೆ ಅಷ್ಟೇ," ಎಂದಳು ಮಾರ್ತಮ್ಮ. ಪಾಪ ಅನ್ನಿಸಿತು. ಗುಡ್ಡದ ಕಡೆ ತಿರುಗಿ ಮುಸುವನನ್ನು ಕೂಗಿದಳು. ಮುಸುವ ಬಂದು ಎಳೆದ ರಭಸಕ್ಕೆ ಕೊಂಬಿನ ಜೊತೆ ನರಿಯ ಮೀಸೆಯೂ ಕಿತ್ತು ಬಂತು.

ನರಿ ಮೂತಿ ಉಜ್ಜಿಕೊಳ್ಳುತ್ತ ಕೇಳಿತು: "ಸ್ವಾಮಿ ನಿಜವಾಗಿಯೂ ಬಂದಿದ್ರೆ ಏನ್ಮಾಡ್ತಿದ್ದೆ?"

"ಏನ್ಮಾಡೋದು? ಅವರು ಕೊಟ್ಟ ಕೆಲಸ ಮಾಡ್ತಾ ಕೂತಿರ್ತಿದ್ದೆ. ಕೂತಲ್ಲಿಂದಲೇ ನಮಸ್ಕಾರ ಹೇಳ್ತಿದ್ದೆ."

ಅಷ್ಟರಲ್ಲಿ ಅವಳ ರೆಕ್ಕೆಯಡಿಯಲ್ಲಿ ಏನೋ 'ಚಿಂವ್' ಎಂದಿತು.

ನೀತಿ: ಲೋಕದ ಕೊನೆ ಎಂದಿಗೋ ಎಂದು ಹೆದರಿ ಓಡಬೇಡಿ, ದೇವರು ಒಪ್ಪಿಸಿದ ಕೆಲಸದಲ್ಲಿ ನಂಬಿಗಸ್ತರಾಗಿರುವವರಿಗೆ ಅವರು ಬರುವ ದಿನ ಭಯದ ದಿನವಲ್ಲ.