ಮಾತಿಲ್ಲದ ತಾಯಿಯ ಪಾತ್ರ

ನಾಟಕ ಕಂಪನಿಗಳಿಗೆ ನಾಟಕ ಬರೆಯುತ್ತಿದ್ದ ಫಕೀರಪ್ಪನಿಗೆ ಮೊದಲ ಸಲ ಸಿನಿಮಾ ಬರೆಯುವ ಅವಕಾಶ ಸಿಕ್ಕಿತು. ತಾಯಿಯ ಪಾತ್ರವನ್ನು ಅವನು ಲಲಿತವ್ವನಿಗೇ ಕೊಡಿಸಿದ. ಯಾರೂ ಮೂಸಿ ನೋಡದ ಅವನ ಮೊದಲ ನಾಟಕವನ್ನು ಹಟ ಹಿಡಿದು ರಂಗಕ್ಕೆ ತಂದ ನಟಿ ಆಕೆ.

ಕಥೆ ಕೇಳಿ ಹೀರೋ ಚಂದ್ರತೇಜ್ ಮುಖ ಗಂಟಿಕ್ಕಿದ.

"ಚಪ್ಪಾಳೆಯೆಲ್ಲ ಆಯಮ್ಮನಿಗೇ ಹೋಗುತ್ತೆ. ತಾಯಿಗೆ ಒಂದು ಮಾತೂ ಇರಕೂಡದು. ಇದ್ರೆ ನಾನು ಪಿಕ್ಚರ್ ಮಾಡಲ್ಲ."

"ಆಗ್ಲಿ ಸರ್. ಮಾತೆಲ್ಲಾ ನಿಮಗ ಬರೀತೀನಿ," ಎಂದ ಫಕೀರಪ್ಪ.

ಹಾಗೇ ಬರೆದ. ಜೈಲಿನಿಂದ ಬಂದ ಮಗ ಊಟಕ್ಕೆ ಕೂತು ತನ್ನ ತಪ್ಪನ್ನೆಲ್ಲ ಹೇಳಿಕೊಳ್ಳುತ್ತಾನೆ. ತಾಯಿ ಕೇಳುತ್ತಾ ರೊಟ್ಟಿ ಬಡಿಸುತ್ತಾಳೆ, ಅಷ್ಟೇ. ಪುಟಗಟ್ಟಲೆ ಮಾತು ನೋಡಿ ಹೀರೋ ಹಿಗ್ಗಿದ.

ಪಿಕ್ಚರ್ ತೆರೆಗೆ ಬಂತು. ಹೀರೋ ಮಾತಾಡುತ್ತಲೇ ಇದ್ದ. ಜನ ಲಲಿತವ್ವನ ಮುಖವನ್ನೇ ನೋಡುತ್ತಾ ಕಣ್ಣೊರೆಸಿಕೊಂಡರು.

"ಏನ್ರೀ ಇದು? ಆಯಮ್ಮ ಬಾಯೇ ಬಿಡಲಿಲ್ಲ, ಆದ್ರೂ ಜನ ಅವರನ್ನೇ ನೋಡ್ತಾರಲ್ಲ," ಎಂದ ಹೀರೋ.

"ನೀವ ಬ್ಯಾಡ ಅಂದ್ರಲ್ಲರಿ ಸರ್. ಅದಕ್ಕ ಆಕಿ ಬರೇ ಕೇಳಿದ್ಳು."

ಹೀರೋ ನಕ್ಕುಬಿಟ್ಟ.

ಮುಂದೆ ಫಕೀರಪ್ಪ ತಾನೇ ನಿರ್ಮಾಪಕನಾದ. ಮುಹೂರ್ತದ ದಿನ ಲಲಿತವ್ವನ ಕೈಯಿಂದಲೇ ಕ್ಯಾಮೆರಾ ಚಾಲೂ ಮಾಡಿಸಿ, ಎಲ್ಲರೆದುರು ಆಕೆಯ ಕಾಲಿಗೆರಗಿದ.

"ಅವ್ವಾ, ಅವತ್ತ ನೀ ನನ್ನ ನಾಟಕ ಆಡದಿದ್ರ ಇವತ್ತ ನಾ ಇಲ್ಲಿ ಇರ್ತಿರಲಿಲ್ಲ."

ಆಕೆ ಮಾತಾಡದೆ ಅವನ ತಲೆ ಸವರಿದಳು. ಈ ಪಿಕ್ಚರಿಗೂ ಹೀರೋ ಆಗಿದ್ದ ಚಂದ್ರತೇಜ್ ನೋಡುತ್ತಾ ನಿಂತಿದ್ದವನು ಫಕೀರಪ್ಪನನ್ನು ಪಕ್ಕಕ್ಕೆ ಕರೆದ.

"ಈ ಸಲ ಮಾತೆಲ್ಲ ಆಯಮ್ಮನಿಗೇ ಬರೀರಿ. ಸುಮ್ಮನೆ ಕೂರೋ ಪಾತ್ರ ನನಗಿರಲಿ."